ಬೀಡಿ ಕತ್ತರಿಯೂ ಎಂಟು ತಂತಿಯೂ

ಬೆಳಿಗ್ಗೆ ಎಂಟು ಗಂಟೆ. ಕಾಪುವಿನ ನುಸ್ರತ್ ಅವರ ಮನೆಯ ಚಾವಡಿಯಲ್ಲಿ ಕುಶಲಾ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ತೊಡೆಯ ಮೇಲೆ ಹಳೆಯ ಬೀಡಿ ಕತ್ತರಿ, ಕೈಯಲ್ಲಿ ನೆಟ್‌ವರ್ಕ್ ಕೇಬಲ್ಲಿನ ತುದಿ. ಅದರೊಳಗಿನ ಎಂಟು ಬಣ್ಣದ ತಂತಿಗಳು ಹೊಲಿಗೆಯ ನೂಲಿಗಿಂತ ತುಸು ದಪ್ಪ. ಅವನ್ನು ಕ್ರಮ ತಪ್ಪದಂತೆ ಜೋಡಿಸಿ, ಒಂದೇ ಸಮಕ್ಕೆ ಕತ್ತರಿಸಿ, ಪುಟ್ಟ ಪ್ಲಗ್ಗಿನೊಳಗೆ ತೂರಿಸಬೇಕು. ನಾನು ಪ್ರಯತ್ನಿಸಿ ಸೋತೆ. ಇವರು ಮಾತಾಡುತ್ತಲೇ ಮುಗಿಸಬಲ್ಲರು.

ಆದರೆ ಮಾತಿಗೆ ಇವತ್ತು ಪುರುಸೊತ್ತಿಲ್ಲ. ಒಂಬತ್ತಕ್ಕೆ ನುಸ್ರತ್ ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಕಲಿಸಿ ತೋರಿಸಬೇಕು, ಸರಿಹೋದರೆ ಕೆಲಸ. ಕಳೆದ ವಾರ ಪಾಠ ನಡುವೆಯೇ ಕಡಿದುಹೋಗಿತ್ತು. ಇದು ಎರಡನೆಯ ಅವಕಾಶ, ಮೂರನೆಯದಿಲ್ಲ. ವೈಫೈ ಪೆಟ್ಟಿಗೆ ಇರುವುದು ಚಾವಡಿಯಲ್ಲಿ, ಸದ್ದಿಲ್ಲದ ಕೋಣೆ ಇರುವುದು ಹಿಂದೆ, ನಡುವೆ ಎರಡು ದಪ್ಪ ಮುರಕಲ್ಲಿನ ಗೋಡೆ. ಮೊದಲು ಬಂದವರು ಈ ಮನೆಗೆ ಆಗುವುದಿಲ್ಲವೆಂದು ಕೈಚೆಲ್ಲಿ ಹೋದರು.

"ಆಗದೆ ಎಂತ? ಗೋಡೆ ಉಂಟಾದರೆ ತೂತು ಮಾಡುವ," ಎನ್ನುತ್ತಾರೆ ಕುಶಲಾ. ನಿನ್ನೆ ಸಂಜೆಯೇ ಎರಡೂ ಗೋಡೆ ಕೊರೆದು ಕೇಬಲ್ ಎಳೆದಿದ್ದಾರೆ.

ಕಡಿಯಾಳಿಯ ಈ ನಲವತ್ತೇಳರ ಹೆಂಗಸು ಇಪ್ಪತ್ತೆರಡು ವರ್ಷ ಬೀಡಿ ಕಟ್ಟಿದವರು. ದಿನಕ್ಕೆ ಎಂಟುನೂರು. ಕೆಲಸ ವಾರಕ್ಕೆ ಎರಡೇ ದಿನಕ್ಕೆ ಇಳಿದಾಗ, ನೆರೆಮನೆಯ ಕೇಬಲ್ ಟಿವಿ ಸರ್ವೋತ್ತಮರ ಬಳಿ ಏಣಿ ಹಿಡಿಯಲು ಸೇರಿದರು. ಚಾಳೀಸು ಬಂದಿದ್ದ ಅವರು ತಂತಿಗಳ ಜೊತೆ ಒದ್ದಾಡುವುದನ್ನು ನೋಡಲಾಗದೆ ಕುಶಲಾ ಒಂದು ದಿನ ಕೈಯಿಂದ ಕಿತ್ತುಕೊಂಡರು. "ಏಣಿ ಇನ್ನು ನಾನು ಹಿಡಿಯುತ್ತೇನೆ ಮಾರಾಯ್ತಿ ಅಂದರು," ಎಂದು ನಗುತ್ತಾರೆ. ಆರು ವರ್ಷಗಳಿಂದ ಮಣಿಪಾಲ, ಮಲ್ಪೆ, ಕಾರ್ಕಳ ಎಂದು ದಿನಕ್ಕೆ ಎರಡು ಮನೆ. ಬಾಗಿಲು ತೆರೆದವರು "ಕೆಲಸದವರು ಎಲ್ಲಿ?" ಎಂದು ಇವರ ಬೆನ್ನ ಹಿಂದೆ ಇಣುಕುವುದು ಈಗಲೂ ತಪ್ಪಿಲ್ಲ. ಕೇಳಿ ನನಗೇ ಸಿಟ್ಟು ಬಂತು. ಅವರಿಗೆ ಅದಕ್ಕೂ ಪುರುಸೊತ್ತಿಲ್ಲ.

ಎಂಟೂವರೆಗೆ ಎರಡೂ ತುದಿಗಳನ್ನು ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಎಂಟು ದೀಪ ಸಾಲಾಗಿ ಮಿನುಗಬೇಕು. ಕೊನೆಯದು ಉರಿಯುವುದಿಲ್ಲ. ನುಸ್ರತ್ ಮುಖ ಬಾಡುತ್ತದೆ. "ಏಳು ಸಾಕಲ್ವಾ ಕುಶಲಕ್ಕ?"

"ಏಳರಲ್ಲೂ ನಡೆದೀತು. ಆದರೆ ನಿಮ್ಮ ಪಾಠದ ಮಧ್ಯ ಕೈಕೊಟ್ಟರೆ?" ಕಚಕ್ಕೆಂದು ಪ್ಲಗ್ಗು ಕತ್ತರಿಸಿ ಬಿಸಾಡುತ್ತಾರೆ. "ಬೀಡಿ ಸಡಿಲವಾದರೆ ಬಿಚ್ಚಿ ಪುನಃ ಕಟ್ಟುವುದೇ. ಅದಕ್ಕೆ ಬೇಸರ ಮಾಡಿದರೆ ಆಗುತ್ತದಾ?"

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಎಂಟೂ ದೀಪಗಳು ಉರಿಯುತ್ತವೆ. ಆದರೂ ಕುಶಲಾ ಹೊರಡುವುದಿಲ್ಲ. ನುಸ್ರತ್‌ರ ಅತ್ತೆ ನಬೀಸಾ ಕೊಟ್ಟ ಚಾ ಹಿಡಿದು, ಮುಚ್ಚಿದ ಬಾಗಿಲಿನಾಚೆಯ ಭಿನ್ನರಾಶಿ ಪಾಠ ಕೇಳುತ್ತ ಕೂರುತ್ತಾರೆ. ಅರ್ಧ ಗಂಟೆ ಪಾಠ ಒಮ್ಮೆಯೂ ಕಡಿಯುವುದಿಲ್ಲ. "ಸೋಮವಾರದಿಂದಲೇ ಶುರು ಮಾಡಿ ಅಂದರು!" ಎಂದು ಹೊರಬಂದ ನುಸ್ರತ್ ಕುಶಲಾರ ಕೈ ಹಿಡಿದುಕೊಳ್ಳುತ್ತಾರೆ.

ಆಮೇಲಷ್ಟೇ ಕುಶಲಾ ಚೀಲದಿಂದ ಮಾರ್ಕರ್ ತೆಗೆದು, ಗೋಡೆಯ ವೈಫೈ ಪೆಟ್ಟಿಗೆಯ ಅಡಿಯಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಕೆಲಸ ನಡೆಯಿತೆಂದು ಕಣ್ಣಾರೆ ಕಾಣದೆ ಅವರು ಬರೆಯುವುದಿಲ್ಲ.

"ನಾನು ಕಟ್ಟಿದ ಬೀಡಿ ಎಷ್ಟು ಲಕ್ಷವೋ, ಎಲ್ಲದರ ಮೇಲೂ ಕಂಪೆನಿಯ ಹೆಸರು. ಇದರಲ್ಲಿ ನನ್ನದು ಉಂಟು. ಹಾಳಾದರೆ ಯಾರನ್ನು ಬೈಯಬೇಕೆಂದು ಗೊತ್ತಾಗಬೇಕಲ್ವಾ?"