ಬಲ ಹೆಗಲ ಜನಿವಾರ

ಎರಡು ಕಡೆಯೂ ಒಂದೇ ಥರ ಇರಬೇಕು ಎಂದರೆ ಏನು ಅನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಒಂದು ಸಲ ಗೊತ್ತಾಯಿತು ಅಂದುಕೊಂಡಿದ್ದೆ. ಎಡವಟ್ಟಾಗಿದ್ದು ಆಗಲೇ.

ನಾನು ಟೇಕಲ್ ಹತ್ತಿರ ಒಂದು ಶೆಡ್ಡಿನಲ್ಲಿ ಕಲ್ಲು ಕೆತ್ತುತ್ತೇನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೇರಿದವನು. ಆರು ವರ್ಷ ಪೀಠ, ಬಳ್ಳಿ, ಪಾಲಿಶ್, ಇಷ್ಟೇ ನನ್ನ ಕೆಲಸ. ದೇವರ ಮುಖ, ಎದೆ, ಬೆರಳು ಎಲ್ಲ ಆಚಾರ್ರದು. ಶೆಡ್ಡೂ ಅವರದೇ. ಅವರ ಉಳಿ ಮುಟ್ಟಿದರೂ ಬೈಯುತ್ತಿದ್ದರು.

ರಾಯಲ್ಪಾಡು ಕಡೆಯ ಒಂದು ಊರಿನವರು ಹೊಸ ಗುಡಿಗೆ ಇಬ್ಬರು ದ್ವಾರಪಾಲಕರನ್ನು ಮಾಡಿಕೊಡಿ ಎಂದಿದ್ದರು. ಬಾಗಿಲ ಆ ಕಡೆ ಒಬ್ಬ, ಈ ಕಡೆ ಒಬ್ಬ. ಒಬ್ಬನನ್ನು ಆಚಾರ್ರು ಮುಗಿಸಿದರು. ಅಷ್ಟರಲ್ಲಿ ಅವರಿಗೆ ಕೋಲಾರದಲ್ಲಿ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಒಂದು ತಿಂಗಳು ಧೂಳಿನ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಹೊರಡುವ ದಿನ ನನ್ನನ್ನು ಕರೆದರು.

"ಲೇ, ಇನ್ನೊಬ್ಬನ್ನ ನೀನೇ ಮಾಡು. ಇವನು ಕನ್ನಡಿ ನೋಡ್ಕಂಡಂಗಿರ್ಬೇಕು, ಅಷ್ಟೇ."

"ಮುಖಾನೂ ನಾನೇನಾ?"

"ಮುಖ ಬಿಟ್ಟು ಮಾಡಕ್ಕಾಗ್ತದೇನ್ಲಾ? ಕೆಟ್ರೆ ಮಾತ್ರ ನಿನ್ನ ಕೈಗೆ ಪಾಲಿಶ್ ಕಲ್ಲು ಬಿಟ್ಟು ಬೇರೇದು ಕೊಡಲ್ಲ. ನಾನು ಸಾಯೋವರ್ಗೂ."

ತಮಾಷೆಗೆ ಹೇಳಿದ್ದಲ್ಲ. ನನಗಿಂತ ಮುಂಚೆ ಇದ್ದ ಒಬ್ಬ ಒಂದು ಬೊಂಬೆಯ ಮೂಗು ಮುರಿದು ಹಾಕಿದ್ದಕ್ಕೆ ಕೊನೆವರೆಗೂ ಪಾಲಿಶಲ್ಲೇ ಉಳಿದು, ಬೇಜಾರಾಗಿ ಕೆಲಸವನ್ನೇ ಬಿಟ್ಟು ಹೋದ.

ಕನ್ನಡಿ ಎಂದ ಮೇಲೆ ನನಗೆ ದಾರಿ ಸುಲಭವಾಗಿ ಕಂಡಿತು. ಸ್ಕೂಲಿನಲ್ಲಿ ಮೇಷ್ಟ್ರು ಹಾಳೆಯ ನಡುವೆ ಒಂದು ತೊಟ್ಟು ಶಾಯಿ ಬಿಟ್ಟು, ಮಡಿಸಿ, ಒತ್ತಿ, ಬಿಡಿಸಿ ತೋರಿಸಿದ್ದರು. ಚಿಟ್ಟೆ ಬಂದಿತ್ತು. ಈ ರೆಕ್ಕೆ ಹೇಗೋ ಆ ರೆಕ್ಕೆ ಹಾಗೆ. ಮನುಷ್ಯನೂ ಹೀಗೇ, ನಡುವೆ ಗೆರೆ ಎಳೆದರೆ ಎರಡು ಕಡೆಯೂ ಒಂದೇ ಎಂದರು. ಮುಂದಿನ ಪಾಠದಲ್ಲಿ ಅದೇ ಮನುಷ್ಯನ ಚಿತ್ರದಲ್ಲಿ ಹೃದಯ ಎಡಕ್ಕಿತ್ತು. ಕೇಳಿದೆ. "ಅದು ಒಳಗಿಂದು, ಕೂತ್ಕೊ," ಎಂದರು. ಕೂತೆ.

ಆಚಾರ್ರ ಬೊಂಬೆಯ ಮೇಲೆ ಬಟರ್ ಪೇಪರ್ ಹಿಡಿದು ಎಲ್ಲ ಗೆರೆಗಳನ್ನೂ ಎತ್ತಿಕೊಂಡೆ. ಹಾಳೆಯನ್ನು ಮಗುಚಿ ನನ್ನ ಕಲ್ಲಿನ ಮೇಲೆ ಇಟ್ಟೆ. ಅವನ ಗದೆ ಬಲಗೈಯಲ್ಲಿದ್ದರೆ ನನ್ನವನದು ಎಡಗೈಗೆ ಬಂತು. ಅವನು ಎಡಗಾಲು ಮಡಿಸಿದ್ದರೆ ಇವನು ಬಲಗಾಲು. ದಿನಕ್ಕೆ ಹತ್ತು ಸಲ ದಾರ ಹಿಡಿದು ಅಳೆದೆ. ಮೂಗಿನ ಹೊಳ್ಳೆಯನ್ನೂ ಬಿಡಲಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ನನಗೆ ನಾನೇ ಶಭಾಷ್ ಅಂದುಕೊಂಡೆ.

ಆಚಾರ್ರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮುಖ ನೋಡಿದರು, ಹೂಂ ಎಂದರು. ಕೈ ನೋಡಿದರು, ಹೂಂ. ಎದೆಯ ಹತ್ತಿರ ಬಂದಾಗ ಕನ್ನಡಕ ತೆಗೆದರು.

"ಏನ್ಲಾ ಇದು? ಯಾರ್ ತಿಥಿ ಮಾಡ್ತಾವ್ನೆ ಇವನು?"

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಬನಿಯನ್ ಎಳೆದು ಜನಿವಾರ ತೋರಿಸಿದರು. ಎಡ ಹೆಗಲ ಮೇಲಿತ್ತು. ಅವರ ಬೊಂಬೆಯದೂ ಎಡ ಹೆಗಲ ಮೇಲೆ. ನಾನು ಹಾಳೆ ಮಗುಚಿದ್ದರಿಂದ ನನ್ನವನ ಜನಿವಾರ ಬಲ ಹೆಗಲಿಗೆ ಬಂದಿತ್ತು. ಸತ್ತವರಿಗೆ ಪಿಂಡ ಇಡುವಾಗ ಮಾತ್ರ ಹಾಗೆ ಹಾಕಿಕೊಳ್ಳುತ್ತಾರಂತೆ.

"ದೇವ್ರ ಬಾಗ್ಲಲ್ಲಿ ನಿಂತ್ಕಂಡು ದಿನಾ ಎಡೆ ಇಡ್ತಾನೇನೋ ಇವನು?"

"ನೀವೇ ಕನ್ನಡಿ ಅಂದ್ರಲ್ಲ!"

"ಗದೆ ತಿರುಗ್ತದೆ, ಕಾಲು ತಿರುಗ್ತದೆ. ಜನಿವಾರ ತಿರುಗ್ತದೇನ್ಲಾ?"

"ನಂಗೆಂಗೆ ಗೊತ್ತಾಗ್ಬೇಕು? ನಮ್ಮನೇಲಿ ಯಾರೂ ಹಾಕಲ್ಲ."

"ಆರು ವರ್ಷದಿಂದ ನನ್ನ ಮೈ ಮೇಲೆ ನೋಡ್ತಿದ್ದೀಯಲ್ಲೋ!"

ನೋಡಿದ್ದೆ. ಯಾವ ಹೆಗಲು ಎಂದು ಯಾವತ್ತೂ ನೋಡಿರಲಿಲ್ಲ.

ಮನೆಗೆ ಹೋಗಿ ಒಂದು ದಾರವನ್ನು ಎಡ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಕನ್ನಡಿಯೊಳಗಿನವನು ಬಲ ಹೆಗಲಿಗೆ ಹಾಕಿಕೊಂಡಿದ್ದ. ಅಂದರೆ ಯಾರೇ ಕನ್ನಡಿ ನೋಡಿದರೂ ಒಳಗಿರುವವನು ತಿಥಿ ಮಾಡುತ್ತಿರುತ್ತಾನೆ. ಯಾರೂ ಅವನಿಗೆ ಬೈಯುವುದಿಲ್ಲ. ನನಗೆ ಮಾತ್ರ ಬೈದರು. ನಮ್ಮವ್ವ ನೋಡಿ, "ಏನೋ ಇದು ವೇಷ?" ಎಂದಳು. ವಿಷಯ ಹೇಳಿದೆ.

"ನಾವು ರಾಗಿ ಬೀಸುವಾಗ ಪದ ಹೇಳ್ತಿರ್ಲಿಲ್ವಾ," ಎಂದಳು. "ಎಲ್ಡನೇ ಸಾಲು ಮೊದಲ್ನೇದರಂಗೇ ಇರ್ತಿತ್ತು. ಒಂದು ಮಾತು ಮಾತ್ರ ಬೇರೆ. ಅದೂ ಒಂದೇ ಆದ್ರೆ ಪದ ಅಲ್ಲ, ತೊದಲು."

"ಯಾವ ಮಾತು ಬೇರೆ ಮಾಡ್ಬೇಕು ಅಂತ ಹೆಂಗೆ ಗೊತ್ತಾಗ್ತಿತ್ತು?"

"ಬಾಯಿಗೆ ಬರ್ತಿತ್ತಪ್ಪ. ಅದನ್ನೂ ಕೇಳ್ತಾರಾ?"

ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಲ್ಲಿನಲ್ಲಿ ಬಾಯಿಗೆ ಬರುವುದಿಲ್ಲ.

ಮಾರನೇ ದಿನ ಆಚಾರ್ರು ಒಂದೇ ದಾರಿ ಇದೆ ಎಂದರು. ಜನಿವಾರ ಅವರೆಕಾಳಿನಷ್ಟು ಉಬ್ಬಾಗಿತ್ತು. ಅದನ್ನು ತೆಗೆಯಬೇಕು. ಹೊಸದು ಬರಬೇಕಾದ ಕಡೆ ಕಲ್ಲೇ ಉಳಿದಿಲ್ಲ. ಹಾಗಾಗಿ ಇಡೀ ಎದೆಯನ್ನು ಅವರೆಕಾಳಿನಷ್ಟು ಇಳಿಸಿ, ಆ ಇಳಿಸುವಾಗಲೇ ಎಡ ಹೆಗಲಿನಿಂದ ಹೊಸ ಜನಿವಾರ ಬಿಟ್ಟುಕೊಳ್ಳಬೇಕು.

"ಆವಾಗ ಇವನ ಎದೆ ಸಣ್ಣ ಆಗ್ತದಲ್ಲ," ಎಂದೆ. "ನಿಮ್ಮವನದೂ ಇಳಿಸಿಬಿಡೋಣ. ಸಮ ಆಗ್ತದೆ."

"ಸರಿಯಾಗಿರೋನ್ನ ಯಾಕ್ಲಾ ಕೆಡಿಸ್ತೀಯ?"

ಮೊದಲು ಸಮ ಇದ್ದಾಗ ತಪ್ಪು ಎಂದರು. ಈಗ ಸಮ ಮಾಡೋಣ ಎಂದರೆ ಕೆಡಿಸುತ್ತೀಯ ಎನ್ನುತ್ತಾರೆ. ಉಳಿ ಹಿಡಿದೆ. ಒಂಬತ್ತು ದಿನ ಹಿಡಿಯಿತು. ಎದೆ ಒಡೆದರೆ ನನ್ನ ಕತೆ ಪಾಲಿಶಿನಲ್ಲೇ ಮುಗಿಯುತ್ತದೆ ಎಂದು ಒಂದೊಂದು ಪೆಟ್ಟಿಗೂ ಉಸಿರು ಬಿಗಿಹಿಡಿದೆ. ಒಡೆಯಲಿಲ್ಲ.

ಗುಡಿಯಲ್ಲಿ ನಿಲ್ಲಿಸಿದ ದಿನ ನಾನೂ ಹೋಗಿದ್ದೆ. ಊರಿನವರು ದೂರದಿಂದ ನೋಡಿ, ಅಚ್ಚು ಹೊಯ್ದಂಗವ್ರೆ ಎಂದರು. ನಾನು ನಿರಾಳವಾಗುವಷ್ಟರಲ್ಲಿ, ಬೊಂಬೆ ಮಾಡಿಕೊಡಿ ಎಂದು ಹೇಳಿಹೋಗಿದ್ದ ಆ ಊರ ಹಿರಿಯರೊಬ್ಬರು ಬಾಗಿಲ ನಡುವೆ ಬಂದು ನಿಂತರು. ಇಬ್ಬರ ಎದೆಯ ಮೇಲೂ ಒಂದೊಂದು ಕೈ ಇಟ್ಟರು. ಕೈ ಸರಿಸಿದರು. ಮತ್ತೆ ಇಟ್ಟರು.

"ಏಮಯ್ಯಾ, ಇವನು ವಸಿ ಸನ್ನಗವ್ನೆ?"

ಆಚಾರ್ರು ನನ್ನ ಕಡೆ ನೋಡಿದರು. ನಾನು ಸುಳ್ಳು ಹುಡುಕಲಿಲ್ಲ. "ಹೂಂ. ತಪ್ಪಾಗಿತ್ತು. ಕೆತ್ತಿ ಇಳಿಸಿದ್ದೀನಿ," ಎಂದೆ.

ಹಿರಿಯರು ಹಿಂದಕ್ಕೆ ಸರಿದು ಇಬ್ಬರನ್ನೂ ಮತ್ತೊಮ್ಮೆ ನೋಡಿದರು. "ಇರ್ಲಿ ಬಿಡಯ್ಯಾ. ಅವನು ಅಣ್ಣ, ಇವನು ತಮ್ಮುಡು," ಎಂದು ಪೂಜೆಗೆ ಕೂಗಿದರು. ಯಾಕೆ ಇರಲಿ ಎಂದರೋ ಹೇಳಲಿಲ್ಲ. ಕೇಳಿದರೆ ಎಲ್ಲಿ ಬೇಡ ಅನ್ನುತ್ತಾರೋ ಎಂದು ನಾನೂ ಕೇಳಲಿಲ್ಲ.

ಮುಂದಿನ ವಾರ ಆಚಾರ್ರು ಎರಡು ಹೊಸ ಕಲ್ಲು ತೋರಿಸಿದರು. ಮೆಟ್ಟಿಲ ಪಕ್ಕಕ್ಕೆ ಎರಡು ಆನೆ. ಒಂದು ಅವರದು, ಇನ್ನೊಂದು ನನ್ನದು. ಪಾಲಿಶ್ ಮಾತು ಎತ್ತಲಿಲ್ಲ. ಖುಷಿಯಾಯಿತು. ಆದರೂ ಹಾಳೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ.

"ಕನ್ನಡಿ ಥರಾನೇನಾ?"

"ಹೂಂ."

"ಏನೇನು ತಿರುಗಿಸ್ಬಾರ್ದು?"

"ಆನೇಲಿ ಏನ್ಲಾ ಇರ್ತದೆ? ಎಲ್ಲಾ ತಿರುಗ್ಸು," ಎಂದು ಹೊರಟವರು ಬಾಗಿಲಲ್ಲಿ ನಿಂತರು. ತಲೆ ಕೆರೆದುಕೊಂಡರು. ವಾಪಸ್ ಬಂದು ಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು.

"ತಡಿ," ಎಂದರು. "ಸೊಂಡಿಲು ಮಾತ್ರ ನಾಳೆ ಹೇಳ್ತೀನಿ."