ಬರ್ತೇನಿ

ಧಾರವಾಡದಾಗ ಟೆನಿಸ್ ಪಂದ್ಯ ಸೋತ ಹಳೇ ಚಾಂಪಿಯನ್ ಒಬ್ಬರನ್ನ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕ ಬಿಡೋ ಬಾಡಿಗಿ ನನ್ನ ಟ್ಯಾಕ್ಸಿಗೆ ಬಂತು. ದಿಲ್ಲಿಯವರು, ಒಂದು ಕಾಲಕ್ಕ ದೇಶದಾಗ ಒಂದನೇ ನಂಬರು. ಮೊಣಕಾಲು ತಿಕ್ಕೋತ ಕೂತಿದ್ರು. ಸುಮ್ಮನಿರಲಾರದ ನಾನು ಹಿಂದಿಯೊಳಗ ಕೇಳಿಬಿಟ್ಟೆ: "ಮತ್ತ ಒಂದನೇ ನಂಬರಿಗೆ ಬರ್ತೀರೇನ್ರಿ ಸಾಹೇಬ್ರ?"

"ಇವತ್ತು ಮೊಣಕಾಲು ನನ್ನ ಮಾತು ಕೇಳಲಿಲ್ಲ. ಆಟ ಇಲ್ಲಿಗೆ ಸಾಕು. ಮನಿಯವರಿಗೂ ಇನ್ನೂ ಹೇಳಿಲ್ಲ," ಅಂದ್ರು.

ಇಳಿಯೋವಾಗ, ಹೊರಟೆ ಅನ್ನೋದಕ್ಕ ಕನ್ನಡದಾಗ ಏನಂತೀರಿ ಅಂತ ಕೇಳಿದ್ರು.

"ಹೋಗ್ತೇನಿ ಅಂತ ಬಾಯಿಬಿಟ್ಟು ಅನ್ನಬಾರದ್ರಿ, ಅಪಶಕುನ. 'ಬರ್ತೇನಿ' ಅನ್ರಿ."

ಅರ್ಥ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಲ್ದಾಣದ ಬಾಗಿಲದಾಗ ಒಬ್ಬ ವರದಿಗಾರ ಅಡ್ಡ ಬಂದು, ಒಂದನೇ ಸ್ಥಾನದ ಆಸೆ ಇನ್ನೂ ಐತೇನು ಅಂತ ಕೇಳಿದ. ಇವರು ಕೈಮುಗಿದು, ಹೊಸದಾಗಿ ಕಲಿತ ಖುಷಿಯೊಳಗ, "ಬರ್ತೇನಿ" ಅಂದು ಒಳಗ ಹೋದ್ರು.

ಮರುದಿನ ಪೇಪರಿನ್ಯಾಗ ದಪ್ಪಕ್ಷರ: 'ಮತ್ತೆ ಅಗ್ರಸ್ಥಾನಕ್ಕೆ ಬರುತ್ತೇನೆ'. ಗೋಪನಕೊಪ್ಪದ ಚಹಾದಂಗಡ್ಯಾಗ ಮಂದಿ ಬರ್ತಾರ, ಬರಂಗಿಲ್ಲ ಅಂತ ವಾದಕ್ಕ ಬಿದ್ದಿದ್ರು. "ನೀ ಏನಂತೀಯೋ?" ಅಂತ ನನ್ನನ್ನೂ ಕೇಳಿದ್ರು. ನಾ ಚಹಾದ ಕಪ್ಪಿಗೆ ಬಾಯಿ ಹಚ್ಚಿದೆ. ಅವರು ಅಂದದ್ದು ಹೋಗ್ತೇನಿ ಅಂತ ಊರಾಗ ನನಗೊಬ್ಬನಿಗೇ ಗೊತ್ತಿತ್ತು ಖರೇ, ಆದ್ರ ಅದನ್ನ ಬಾಯಿಬಿಟ್ಟು ಅನ್ನಬಾರದಲ್ಲ!