ಮಗಳ ಕುತ್ತಿಗೆಯ ಕಪ್ಪು

ಸ್ವಚ್ಛತೆಯ ಹುಚ್ಚು ನನಗೆ ತುಸು ಹೆಚ್ಚೇ. ಹುನಗುಂದದ ಶಾಲೆಯಲ್ಲಿ ದಿನಾ ಮಕ್ಕಳ ಉಗುರು, ಕಿವಿ ನೋಡಿ ಗದರುವ ಟೀಚರು ನಾನು. ಅಂಥವಳ ಸ್ವಂತ ಮಗಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ!

ಹತ್ತು ವರ್ಷದ ಹುಡುಗಿ, ಮೈಕೈ ತುಂಬಿಕೊಂಡು ಗುಂಡುಗುಂಡಗಿದ್ದಳು. ಅದು ಇಳಕಲ್ಲಿನ ನಮ್ಮ ಮನೆಗೆಲ್ಲ ಹೆಮ್ಮೆ. ಅತ್ತೆಯವರು ರೊಟ್ಟಿಯ ಮೇಲೆ ಬೆಣ್ಣೆ ಮೆತ್ತಿ ಕೊಡುತ್ತಿದ್ದರು. ನಾನು ಸಂಜೆ ಬಸ್ಸಿಳಿದವಳೇ ಬೇಕರಿಗೆ ಹೋಗಿ ಅವಳಿಗೆಂದು ಏನಾದರೂ ಕಟ್ಟಿಸಿಕೊಂಡು ಬರುತ್ತಿದ್ದೆ. ಆ ಕಪ್ಪೊಂದೇ ನನಗೆ ಅವಮಾನ.

ಪ್ರತಿ ರವಿವಾರ ಬಚ್ಚಲಲ್ಲಿ ಕೂರಿಸಿ ಎಣ್ಣೆ ಹಚ್ಚಿ, ಕಡಲೆ ಹಿಟ್ಟು ಹಾಕಿ ತಿಕ್ಕುತ್ತಿದ್ದೆ. ಅದಕ್ಕೂ ಜಗ್ಗದಿದ್ದಾಗ ಹಿಮ್ಮಡಿ ಉಜ್ಜುವ ಕಲ್ಲನ್ನೇ ಎತ್ತಿಕೊಂಡೆ.

"ಉರೀತೈತಿ ಬೇ ಅವ್ವಾ."

"ಮೈ ತೊಳಕೊಳ್ಳಾಕ ಬ್ಯಾಸರ ಮಾಡಿದ್ರ ಹಿಂಗ ಆಗ್ತೈತಿ. ಸುಮ್ಮ ಕುಂದ್ರು."

ಕಳೆದ ವರ್ಷ ಅವಳ ಕೆಮ್ಮು ಬಿಡದಾಗ ಬಾಗಲಕೋಟೆಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೆನ್ನು ಪರೀಕ್ಷಿಸಲು ಜಡೆ ಸರಿಸಿದ ಡಾಕ್ಟರು ಕೆಮ್ಮಿನ ಮಾತೇ ಬಿಟ್ಟರು.

"ಇದನ್ನ ತಿಕ್ಕತೀರೇನ್ರಿ? ಹೊಲಸಲ್ರಿ ಇದು. ತೂಕ ಭಾಳ ಆಗಿ ಮೈಯಾಗಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ರ ಹಿಂಗ ಕಪ್ಪ ಆಗ್ತೈತಿ. ಮನ್ಯಾಗ ಯಾರಿಗರ ಶುಗರ್ ಐತೇನು?"

ಮಾವನವರಿಗಿತ್ತು. ಅದರಿಂದಲೇ ಹೃದಯ ಕೆಟ್ಟು ತೀರಿಕೊಂಡಿದ್ದರು.

ರಕ್ತ ಪರೀಕ್ಷೆಯಲ್ಲಿ ಮಗಳ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿತ್ತು. ಇನ್ನೂ ಕಾಲ ಮಿಂಚಿಲ್ಲ, ಊಟ ಬದಲಿಸಿ, ದಿನಾ ಆಡಲು ಬಿಡಿ ಎಂದರು ಡಾಕ್ಟರು. ಹೀಗೇ ಬಿಟ್ಟರೆ ಅಜ್ಜನ ಜಡ್ಡು ಮೊಮ್ಮಗಳಿಗೆ ಹರೆಯದಲ್ಲೇ ಬರಬಹುದಂತೆ.

ಬಸ್ ನಿಲ್ದಾಣದಲ್ಲಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಕಾಯಿಲೆ ಬೆಳೆಸಿದ್ದು ನನ್ನ ಕೈ, ಅದಕ್ಕೆ ಶಿಕ್ಷೆ ಕೊಟ್ಟದ್ದು ಅವಳ ಕುತ್ತಿಗೆಗೆ. ಮಗಳು ನನ್ನ ಸೆರಗು ಹಿಡಿದು ನನ್ನ ಕಣ್ಣೊರೆಸಿದಳು.

"ಅಳಬ್ಯಾಡ ಬೇ. ನೀ ಸಿಟ್ಟಾಗ್ತಿ ಅಂತ ಸಾಲ್ಯಾಗ ನಾನೂ ದಿನಾ ನೀರ ಹಚ್ಚಿ ತಿಕ್ಕತಿದ್ನಿ. ನನ್ನ ಕೈಲೂ ಹೋಗಲಿಲ್ಲ."

ಜಡೆ ಸರಿಸಿ ಆ ಕುತ್ತಿಗೆಗೆ ಮುತ್ತಿಟ್ಟೆ. "ತಪ್ಪಾತು ನನ್ನವ್ವಾ" ಅಂದೆ.